ದರ್ಜಿಯ ಎಡಗೈ

ನಮ್ಮ ಯಜಮಾನರು ದರ್ಜಿ. ಹಟದಲ್ಲಿ ಅವರನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ಕಿಡ್ನಿ ಕೈಕೊಟ್ಟು ವರ್ಷಗಳೇ ಆದವು, ದಿನ ಬಿಟ್ಟು ದಿನ ಡಯಾಲಿಸಿಸ್. ಸೂಜಿ ಚುಚ್ಚಲೆಂದೇ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದಾರೆ. ಅಲ್ಲಿ ಬೆರಳಿಟ್ಟರೆ ಒಳಗೆ ಹರಿಯುವ ರಕ್ತ ಗುರ್ ಎನ್ನುತ್ತಿರುತ್ತದೆ. ಮೊದಲು ಬಲಗೈಯಲ್ಲಿ ಹೀಗೇ ಹೊಲಿದಿದ್ದು ರಕ್ತ ಹೆಪ್ಪುಗಟ್ಟಿ ಆಗಲೇ ಹಾಳಾಗಿತ್ತು.

"ಇದೂ ಮುಚ್ಕೊಂಡ್ರೆ ಕುತ್ತಿಗೆಗೆ ಪೈಪು ಹಾಕ್ಬೇಕಾಗುತ್ತೆ. ಬಿಗಿಯಾಗಿ ಏನೂ ಕಟ್ಬೇಡಿ, ಭಾರ ಎತ್ಬೇಡಿ" ಎಂದು ಡಾಕ್ಟರು ಸಾರಿ ಸಾರಿ ಹೇಳಿದ್ದರು.

ಇವರ ರಕ್ತಕ್ಕಾದರೂ ಒಂದು ನಿಯತ್ತು ಬೇಡವೆ? ಯಂತ್ರದ ಪೈಪಿನಲ್ಲಿ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟದಿರಲೆಂದು ಔಷಧಿ ಕೊಟ್ಟರೆ, ಮನೆಗೆ ಬಂದ ಮೇಲೂ ಸೂಜಿಯ ತೂತಿನಿಂದ ಜಿನುಗುವುದು ನಿಲ್ಲುವುದಿಲ್ಲ.

"ಕಿಡ್ನಿ ಹೋದವರಿಗೆ ಎರಡೂ ಕಾಟ ಇರುತ್ತಮ್ಮ. ನಿಲ್ಬೇಕಾದಲ್ಲಿ ನಿಲ್ಲಲ್ಲ, ಹರೀಬೇಕಾದಲ್ಲಿ ಹರಿಯಲ್ಲ" ಎಂದರು ಡಾಕ್ಟರು.

ಥೇಟ್ ನಮ್ಮ ಯಜಮಾನರ ಬುದ್ಧಿಯೇ!

ಅವತ್ತು ಆಸ್ಪತ್ರೆಯಿಂದ ಬಂದವರೇ ಹೊಲಿಗೆ ಮಷಿನ್ ಮುಂದೆ ಕೂತರು. ಗಿರಾಕಿಯ ಬಿಳಿ ಅಂಗಿಯ ಮೇಲೆ ಟಪ್ಪೆಂದು ರಕ್ತ ಬಿತ್ತು.

"ರೀ, ಸ್ವಲ್ಪ ಹೊತ್ತು ಒತ್ತಿ ಹಿಡ್ಕೊಂಡು ಕೂತ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಒಂದು ಕೈ ಒತ್ಕೊಂಡಿದ್ರೆ ಇನ್ನೊಂದ್ರಲ್ಲಿ ಹೊಲಿಯಕ್ಕಾಗುತ್ತೇನೆ?"

ಆಮೇಲೆ ನಾನು ಆ ಅಂಗಿ ತೊಳೆಯಲು ಹೋದೆ. ತಿರುಗಿ ಬರುವಷ್ಟರಲ್ಲಿ ತುಂಬುತೋಳಿನ ಅಂಗಿ ತೊಟ್ಟು, "ನಿಂತೋಯ್ತು ನೋಡು" ಎಂದು ಬೀಗುತ್ತಿದ್ದರು. ಸದ್ಯ, ಅಂದುಕೊಂಡೆ.

ಸಂಜೆ ಅಂಗಿ ಬಿಚ್ಚಿದಾಗ ನನ್ನ ಜೀವ ಬಾಯಿಗೆ ಬಂತು. ಪೈಜಾಮದ ಸೊಂಟಕ್ಕೆ ಹಾಕುವ ಅಗಲದ ಎಲಾಸ್ಟಿಕ್ಕನ್ನು ಹತ್ತಿಯ ಮೇಲೆ ಬಿಗಿಯಾಗಿ ಸುತ್ತಿ, ಬಿಚ್ಚಿಹೋಗದಂತೆ ಸೂಜಿದಾರದಲ್ಲಿ ಟಾಕೆ ಬೇರೆ ಹಾಕಿಕೊಂಡಿದ್ದರು! ಕತ್ತರಿಸಿ ಬೆರಳಿಟ್ಟೆ. ಗುರ್ ಇಲ್ಲ, ಏನೂ ಇಲ್ಲ.

"ಅಯ್ಯೋ, ನಿಮ್ಮ ತಲೆಗಿಷ್ಟು! ಕೈಯೇನು ಪೈಜಾಮಾನಾ?"

ಆಟೋ ಹಿಡಿದು ಓಡಿದೆವು. ಡಾಕ್ಟರು ಹೆಪ್ಪು ತೆಗೆಯಲು ಹೆಣಗಾಡಿ ಕೊನೆಗೆ ಆಗಲ್ಲವೆಂದು ತಲೆಯಾಡಿಸಿದರು. ಕುತ್ತಿಗೆಗೆ ಪೈಪು ಬಂತು. ಸೂಜಿಗೆ ಕೈಯಲ್ಲಿ ಇನ್ನೊಂದು ದಾರಿ ಮಾಡುವವರೆಗೆ ಕತ್ತು ಬಗ್ಗಿಸಿ ಹೊಲಿಯುವಂತಿಲ್ಲ.

ದಾರಿಯುದ್ದಕ್ಕೂ ನಾಲಿಗೆ ತುದಿಯಲ್ಲಿ ಕೂಡಿಟ್ಟಿದ್ದ ಬೈಗುಳವೆಲ್ಲ ಅವರನ್ನು ಮಂಚದ ಮೇಲೆ ನೋಡಿದೊಡನೆ ಅಲ್ಲೇ ಉಳಿಯಿತು. ಪಕ್ಕದಲ್ಲಿ ಕೂತೆ. ಅವರು ಕತ್ತು ತಿರುಗಿಸಲಾಗದೆ ಕಣ್ಣಷ್ಟೇ ನನ್ನ ಕಡೆ ಹೊರಳಿಸಿದರು.

"ಬೈಯಲ್ವೇನೆ?"

ನಾನು ಅವರ ಹೊದಿಕೆ ಸರಿಮಾಡಿದೆ.

"ಬೈಯೇ. ನೀನು ಸುಮ್ನಿದ್ರೆ ನಂಗೆ ಭಯ ಆಗುತ್ತೆ."

ಬೈದೆ. ಅಳುತ್ತಲೇ, ನರ್ಸಮ್ಮ ಬಂದು ಬಾಯಿ ಮುಚ್ಚಿಸುವವರೆಗೂ ಬೈದೆ.