ಎದುರಾಳಿ ಅಣ್ಣನಿಗೆ ಕೊಟ್ಟ ಪಾಸು

ಬಿಣಗಾ ಊರಿನ ಅಣ್ಣತಮ್ಮಂದಿರಿಬ್ಬರು ಕಾರವಾರದ ಒಂದು ಫುಟ್‌ಬಾಲ್ ಕ್ಲಬ್ಬಿಗೆ ಸಂಬಳದ ಮೇಲೆ ಆಡುತ್ತಿದ್ದರು. ಚೆಂಡನ್ನು ಒಬ್ಬರಿಗೊಬ್ಬರೇ ಕೊಟ್ಟುಕೊಳ್ಳುತ್ತಾರೆ ಎಂದು ಸಿಟ್ಟಾಗಿ ಅಧ್ಯಕ್ಷರು ಅಣ್ಣನನ್ನು ಅಂಕೋಲೆಯ ಕ್ಲಬ್ಬಿಗೆ ಕಳಿಸಿಬಿಟ್ಟರು.

ಆಮೇಲೆ ಆ ಎರಡು ಕ್ಲಬ್ಬುಗಳು ಎದುರಾದ ಮೊದಲ ಪಂದ್ಯಕ್ಕೆ ನಾನೇ ರೆಫ್ರಿ. ಆಟ ಮುಗಿಯುತ್ತ ಬಂದರೂ ಗೋಲಿರಲಿಲ್ಲ. ಚೆಂಡು ತಮ್ಮನ ಕಾಲಲ್ಲಿತ್ತು. ಪಕ್ಕದಲ್ಲಿ ಅಣ್ಣ ಕಂಡದ್ದೇ ತಡ, ಹಳೇ ಅಭ್ಯಾಸದಲ್ಲಿ ಅವನಿಗೇ ಕೊಟ್ಟುಬಿಟ್ಟ. ಅಣ್ಣ ಗೋಲು ಹೊಡೆದ.

ತಮ್ಮ ತಲೆಮೇಲೆ ಕೈಹೊತ್ತು ಕೂತ. ಅಣ್ಣ ಬೆನ್ನು ತಟ್ಟಿ, "ಬೇಜಾರು ಮಾಡ್ಕಬೇಡ ತಮಾ, ಪಾಸು ಚೊಲೋ ಇತ್ತು," ಎಂದ.

ಅಧ್ಯಕ್ಷರು ನನ್ನ ಮೇಲೆ ಏರಿಬಂದರು. "ಇದಕ್ಕೆ ಎಂತ ಕಾರ್ಡೂ ಇಲ್ವಾ?"

"ಅಣ್ಣನಿಗೆ ಪಾಸು ಕೊಡಬಾರದು ಅಂತ ನಿಯಮ ಇಲ್ಲ ಸಾಯ್ಬ್ರೇ," ಎಂದೆ.

ಮರುದಿನವೇ ಅವರು ಅಣ್ಣನನ್ನು ವಾಪಸು ಕೇಳಲು ಅಂಕೋಲೆಗೆ ಹೋದರಂತೆ. ತಮ್ಮ ನಿಮ್ಮಲ್ಲಿರುವ ತನಕ ಅಣ್ಣನನ್ನು ಬಿಡುವುದಿಲ್ಲ ಎಂದರಂತೆ ಅಲ್ಲಿಯವರು.