ಕರೆಂಟ್ ಹೋದಾಗಿನ ಬಟನ್

ದೇವದುರ್ಗದಿಂದ ರಾಯಚೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೂ ವಿಶಾಖಾ ಹೊರಗೆ ನೋಡುವವಳಲ್ಲ. ಅವಳ ಕಣ್ಣು ಫೋನಿನ ಮೇಲೆಯೇ. ಫೋನಿನಲ್ಲಿ ತವರುಮನೆಯ ಪಡಸಾಲೆಯ ಫ್ಯಾನಿನದೊಂದು ಪುಟ್ಟ ಚಿತ್ರ. ಅದು ಹಸಿರಾಗಿದ್ದರೆ ಫ್ಯಾನು ತಿರುಗುತ್ತಿದೆ, ಮಗಳು ಮೈತ್ರಿ ಚಾಪೆಯ ಮೇಲೆ ಕೈಕಾಲು ಬಡಿಯುತ್ತ ಆಡುತ್ತಿದ್ದಾಳೆ. ಬೂದುಬಣ್ಣಕ್ಕೆ ತಿರುಗಿದರೆ ಅವ್ವ ಸೀರೆಯ ಜೋಳಿಗೆ ಕಟ್ಟಿದ್ದಾಳೆ, ಮಗಳಿಗೆ ನಿದ್ದೆಯ ಹೊತ್ತು. ಹೆರಿಗೆ ರಜೆ ಮುಗಿದು ಕೆಲಸಕ್ಕೆ ಮರಳಿದಂದಿನಿಂದ ಕೂಸಿನ ದಿನವನ್ನು ಅವಳು ಆ ಎರಡು ಬಣ್ಣಗಳಲ್ಲೇ ಓದಿಕೊಳ್ಳುತ್ತಿದ್ದಳು.

ಆ ಫ್ಯಾನಿನ ಬಟನ್ ಅವಳೇ ರೂಪಿಸಿದ್ದು.

ಅಪ್ಪ ತೀರಿಕೊಂಡಾಗ ವಿಶಾಖಾ ಇನ್ನೂ ಅಂಗನವಾಡಿಯ ಕೂಸು. ಅವ್ವ ಕನಕಮ್ಮ ಮಾನ್ವಿ ಕಡೆಯ ಕಾಲುವೆ ಗದ್ದೆಗಳಲ್ಲಿ ಭತ್ತದ ನಾಟಿಗೆ ಹೋದಳು, ಆಮೇಲೆ ದೇವದುರ್ಗದ ಹಾಸ್ಟೆಲೊಂದರಲ್ಲಿ ಅಡುಗೆಗೆ ನಿಂತಳು. ಆಗ ಅವರಿದ್ದ ಬಾಡಿಗೆ ಕೋಣೆಯ ಬಟನ್ ಮುಟ್ಟಿದರೆ ಮೊಣಕೈವರೆಗೂ ಜುಮ್ಮೆನ್ನುತ್ತಿತ್ತು. ಪಾತ್ರೆ ತಿಕ್ಕಿ ಬಂದ ಅವ್ವನ ಕೈ ಯಾವಾಗಲೂ ಒದ್ದೆ. ಹಾಗಾಗಿ ದೀಪ ಹಚ್ಚುವುದಕ್ಕೂ ಆರಿಸುವುದಕ್ಕೂ ಬಾಗಿಲ ಸಂದಿಯಲ್ಲಿ ಒಂದು ಒಣ ಕಟ್ಟಿಗೆ ಇಟ್ಟಿರುತ್ತಿದ್ದಳು. "ನೀ ಮುಟ್ಟಬ್ಯಾಡ ಬೇ, ನಾ ಹಚ್ಚತೀನಿ" ಎನ್ನುವ ಅವ್ವನ ಕೂಗಿನಲ್ಲೇ ವಿಶಾಖಾಳ ಬಾಲ್ಯ ಕಳೆಯಿತು. ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಎಲೆಕ್ಟ್ರಾನಿಕ್ಸ್ ಓದಿದಳು. ಓದು ಮುಗಿದ ಮೇಲೆ ಅಲ್ಲಿಯೇ, ಅಕ್ಕಿ ಗಿರಣಿಯ ಮನೆತನದ ಉದಯಕುಮಾರ ಶುರುಮಾಡಿದ ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಫೋನಿನಿಂದಲೂ ನಡೆಯುವ, ಗೋಡೆಯ ಮೇಲಿಂದಲೂ ನಡೆಯುವ ಫ್ಯಾನು-ದೀಪಗಳ ಬಟನ್ ಮಾಡಬೇಕೆಂಬುದು ಆತನ ಹಂಬಲ. ಶಾಕ್ ಹೊಡೆಯುವ ಮಾತೇ ಇಲ್ಲದ, ಒದ್ದೆ ಕೈಯಲ್ಲೂ ಮುಟ್ಟಬಹುದಾದ ಬಟನ್ ಮಾಡಬೇಕೆಂಬುದು ಅವಳ ಹಂಬಲ. ಎರಡೂ ಕೂಡಿ ಒಂದು ಕಪ್ಪು ಗಾಜಿನ ಹಲಗೆಯಾಯಿತು. ಒತ್ತುವುದಕ್ಕೆ ಏನೂ ಇಲ್ಲ. ಬೆರಳು ತಾಗಿಸಿದರೆ ಒಳಗೆ ಟಕ್ ಎಂದು ಸಣ್ಣ ಸದ್ದು, ಗಾಜಿನ ಮೇಲೊಂದು ಬೆಳಕಿನ ಚುಕ್ಕೆ.

ಕೈಯಾರೆ ಜೋಡಿಸಿದ ಮೊದಲ ಹಲಗೆಯನ್ನು ಅವಳು ಅವ್ವನ ಮನೆಯಲ್ಲಿ ಕೂರಿಸಿದಳು. ಕನಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಗಾಜನ್ನು ಮೂಸುವಷ್ಟು ಹತ್ತಿರ ನಿಂತು ನೋಡಿದಳು.

"ಇದರಾಗ ಮ್ಯಾಲ ಯಾವ್ದು, ಕೆಳಗ ಯಾವ್ದು?"

"ಮ್ಯಾಲ ಕೆಳಗ ಏನಿಲ್ಲವ್ವ. ಬೆರಳು ಇಟ್ರ ಸಾಕು. ಒಮ್ಮಿ ಇಟ್ರ ಚಾಲು, ಮತ್ತೊಮ್ಮಿ ಇಟ್ರ ಬಂದ್."

"ಮತ್ತ ಬಂದ್ ಆಗೇದೋ ಇಲ್ಲೋ, ಕೈಗ ಹೆಂಗ ಗೊತ್ತಾಗಬೇಕು?"

"ಕಣ್ಣಿಗ ಗೊತ್ತಾಗತದಲ್ಲ, ಚುಕ್ಕಿ ಆರತದ."

ಪಕ್ಕದ ಮನೆಯ ಲತೀಫಾ ಬಾಗಿಲಲ್ಲಿ ನಿಂತು ನಕ್ಕಳು. "ಕನಕವ್ವ, ಇನ್ನ ನಿನ್ನ ಬಟನ್ನೂ ಮೊಬೈಲ್ ಆತಲ್ಲ! ಒಂದು ಸೆಲ್ಫಿ ತಕ್ಕೊ ಅದರಾಗ."

ಆ ಪಡಸಾಲೆಯ ಸ್ಲ್ಯಾಬಿಗೆ ಇದ್ದುದು ಒಂದೇ ಕೊಂಡಿ. ಫ್ಯಾನು ತೂಗುವುದೂ ಅದಕ್ಕೇ, ಕೂಸಿನ ಜೋಳಿಗೆ ತೂಗುವುದೂ ಅದಕ್ಕೇ. ಆ ಓಣಿಯ ಮನೆಮನೆಯಲ್ಲೂ ರೂಢಿ ಹಾಗೆಯೇ. ಫ್ಯಾನು ಬಂದ್ ಮಾಡಿ, ಸ್ಟೂಲ್ ಹತ್ತಿ, ಎರಡು ರೆಕ್ಕೆಗಳ ನಡುವಿನಿಂದ ಹಗ್ಗ ಇಳಿಬಿಟ್ಟು, ಹಳೆಯ ನೂಲಿನ ಸೀರೆ ಕಟ್ಟಿದರೆ ತೊಟ್ಟಿಲು ತಯಾರು. ವಿಶಾಖಾಳಿಗೆ ಅದನ್ನು ಕಂಡರೆ ಭಯ. ಬೇರೆ ಕೊಂಡಿ ಹಾಕಿಸೋಣ ಎಂದು ಎಷ್ಟು ಸಲ ಗೋಗರೆದರೂ ಕನಕಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. "ಸ್ಲ್ಯಾಬಿಗೆ ತೂತು ಹೊಡದ್ರ ಮಳಿಗಾಲದಾಗ ನಿಮ್ಮತ್ತಿ ಬಂದು ಕೊಡಿ ಹಿಡೀತಾಳೇನು? ಬಟನ್ ಬಂದ್ ಮಾಡಲಾರ್ದ ನಾ ಎಂದಾರ ಸ್ಟೂಲ್ ಹತ್ತೀನೇನು?"

ಹತ್ತುತ್ತಿರಲಿಲ್ಲ, ನಿಜ. ಕರೆಂಟ್ ಹೋಗಿ ಫ್ಯಾನು ತಾನಾಗಿ ನಿಂತಿದ್ದಾಗಲೂ ಕನಕಮ್ಮ ಬಟನ್ ಬಂದ್ ಮಾಡಿಯೇ ಜೋಳಿಗೆ ಕಟ್ಟುವಾಕೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ರಾಯಚೂರಿನ ಆ ಕಚೇರಿಗೆ ಜಂಬಣ್ಣ ಬಂದಿದ್ದರು. ಕವಿತಾಳದ ಕಡೆಯವರು, ಊರ ಹೊರಗೆ ಸಾಲು ಮನೆ ಕಟ್ಟಿಸುತ್ತಿದ್ದರು. ಎಲ್ಲ ಮನೆಗಳಿಗೂ ಈ ಬಟನ್ನೇ ಹಾಕಿಸುವ ಮಾತು ನಡೆದಿತ್ತು. ಉದಯಕುಮಾರ ಗಾಜಿನ ಹಲಗೆಯನ್ನು ಮೇಜಿನ ಮೇಲಿಟ್ಟು ವಿವರಿಸುತ್ತಿದ್ದ: "ಕರೆಂಟ್ ಹೋಗಿ ಬಂತಂದ್ರ ಮತ್ತ ಎದ್ದು ಬಟನ್ ಹಾಕೋ ಕೆಲಸ ಇಲ್ರಿ ಅಣ್ಣಾರೆ. ಫ್ಯಾನು ಮೊದಲು ಹೆಂಗಿತ್ತೋ ಹಂಗ ತಾನ ಚಾಲು ಆಗತದ. ನೆನಪು ಅದ ಇದಕ್ಕ."

ವಿಶಾಖಾ ತನ್ನ ಫೋನು ಮುಂದೆ ಹಿಡಿದಳು. ದೇವದುರ್ಗದಲ್ಲಿ ಆಗಲೇ ಕರೆಂಟ್ ಹೋಗಿತ್ತು, ಫ್ಯಾನಿನ ಚಿತ್ರದ ಮೇಲೆ ಗೀಟು ಬಿದ್ದಿತ್ತು; ದಿನಾ ಬರುವ ವೇಳೆ ಅವಳಿಗೆ ಗೊತ್ತಿತ್ತು. "ನಮ್ಮವ್ವನ ಮನಿದು ನೋಡ್ರಿ, ಈಗ ಬರತದ" ಎಂದಳು. ಹೇಳಿದಂತೆಯೇ ಬಂತು. ಚಿತ್ರ ಹಸಿರಾಯಿತು. ಜಂಬಣ್ಣ "ಭಲೇ" ಎಂದರು.

ವಿಶಾಖಾಳ ಮುಖದ ನಗು ಅಲ್ಲಿಯೇ ನಿಂತಿತು. ಇದು ಮೈತ್ರಿ ಮಲಗುವ ಹೊತ್ತು. ಈ ಹೊತ್ತಿನಲ್ಲಿ ಚಿತ್ರ ಒಂದು ದಿನವೂ ಹಸಿರಾಗಿದ್ದಿಲ್ಲ. ಯೋಚನೆ ಮುಗಿಯುವ ಮೊದಲೇ ಅವಳ ಬೆರಳು ಫೋನಿನ ಗಾಜನ್ನು ಬಡಿದಿತ್ತು. ಚಿತ್ರ ಬೂದುಬಣ್ಣಕ್ಕೆ ಬಂತು. ಅವ್ವನಿಗೆ ಫೋನು ಹಚ್ಚಿದಳು, ಎತ್ತಲಿಲ್ಲ. ಮತ್ತೆ ಹಚ್ಚಿದಳು. ಎತ್ತಿದ್ದು ಲತೀಫಾ.

"ಕೂಸು ಅರಾಮ ಅದ ಬೇಟಿ, ನನ್ನ ಕಡೀನ ಅದ. ನೀ ಗಾಬರಿ ಆಗಬ್ಯಾಡ. ಕನಕವ್ವನ ಕೈ... ಆಟೋ ಬರಾಕತ್ತದ, ದವಾಖಾನಿಗ ಹೊಂಟೀವಿ."

ಕೂಸನ್ನು ಮಲಗಿಸಿದ ಮೇಲೆ ಮೇಲಿನ ಗಂಟು ಜಾರಿದಂತೆ ಕಂಡು ಕನಕಮ್ಮ ಸ್ಟೂಲ್ ಹತ್ತಿದ್ದಳು. ಗಂಟು ಬಿಚ್ಚಿ ಬಿಗಿಯುತ್ತಿರುವಾಗ ಫ್ಯಾನು ತಿರುಗಿತು. ಕೈ ಬಿಟ್ಟರೆ ಕೂಸು ನೆಲಕ್ಕೆ ಬೀಳುತ್ತಿತ್ತು. ಕನಕಮ್ಮ ಕೈ ಬಿಡಲಿಲ್ಲ. ಚೀರಾಟ ಕೇಳಿ ಲತೀಫಾ ಓಡಿಬಂದು ಕೂಸನ್ನು ಎತ್ತಿಕೊಂಡಾಗ ಫ್ಯಾನು ನಿಲ್ಲುತ್ತಿತ್ತು, ಮುಂಗೈಯಿಂದ ಇಳಿದ ರಕ್ತ ಸೀರೆಯನ್ನೆಲ್ಲ ನೆನೆಸಿತ್ತು.

ಮಾನ್ವಿಯಲ್ಲಿ ಮಾಸ್ತರಿಕೆ ಮಾಡುವ ಗಂಡ ವಿನೋದ ಆ ಸಂಜೆಯೇ ಬಂದ. ಮರುದಿನ ಗೌಂಡಿಯನ್ನು ಕರೆಸಿ, ಒಳಕೋಣೆಯಲ್ಲಿ ಫ್ಯಾನಿನಿಂದ ದೂರಕ್ಕೆ ಬೇರೆ ಕೊಂಡಿ ಹಾಕಿಸಿದ. ಹೊಲಿಗೆ ಹಾಕಿಸಿಕೊಂಡು ಬಂದ ಕನಕಮ್ಮ ಗೋಡೆಗೆ ಆತು ಕೂತವಳು ಏಳಲಿಲ್ಲ. ಓಣಿಯವರು ಬಂದು ಮಾತಾಡಿಸಿ ಹೋದರು. ಎಲ್ಲರ ಬಾಯಲ್ಲೂ ಒಂದೇ ಮಾತು: ಮುದುಕಿ ಬಟನ್ ಮರೆತಳು, ಅಷ್ಟು ದೂರ ಕೂತ ತಾಯಿ ಫೋನಿನಲ್ಲೇ ಆರಿಸಿ ಕೂಸನ್ನು ಉಳಿಸಿಕೊಂಡಳು. ವಿನೋದನೂ ಹಾಗೆಯೇ ನಂಬಿದ. "ಹೋಗ್ಲಿ ಬಿಡ್ರಿ ಅತ್ತಿ, ವಯಸ್ಸಾತು, ಮರವು ಆಗತದ" ಎಂದು ಸಮಾಧಾನ ಹೇಳಿದ. ಆ ಸಮಾಧಾನಕ್ಕೆ ಕನಕಮ್ಮ ಇನ್ನಷ್ಟು ಮುದುಡಿದಳು.

"ನಾ ಮುಟ್ಟಿದ್ದೆ" ಎಂದಳು ಮಗಳಿಗೆ, ಯಾರೂ ಇಲ್ಲದಾಗ. "ಕರೆಂಟ್ ಹೋತು, ನೀ ಹೇಳಿದಂಗ ಗಾಜಿನ ಮ್ಯಾಲ ಬೆರಳಿಟ್ಟೆ. ಚುಕ್ಕಿನೂ ಇರಲಿಲ್ಲ. ಇಟ್ನೋ, ಇಟ್ಟೀನಿ ಅಂತ ತಿಳಕೊಂಡ್ನೋ... ಈಗ ನನಗ ನನ್ನ ಮ್ಯಾಲೇ ನಂಬಿಗಿ ಇಲ್ಲವ್ವ."

ಅಂದಿನಿಂದ ಆಕೆ ಮೈತ್ರಿಯನ್ನು ಮುಟ್ಟಲಿಲ್ಲ. ಕೂಸು ಅಂಬೆಗಾಲಿಡುತ್ತ ಹತ್ತಿರ ಹೋದರೆ ಕಾಲು ಮಡಚಿಕೊಳ್ಳುವಳು. "ತಕ್ಕೋರಿ ಇದನ್ನ, ನನ್ನ ಕಡಿ ಬ್ಯಾಡ" ಎಂದು ಕೂಗುವಳು. ಗಾಯವಾಗದ ಕೈಯನ್ನೂ ಸೆರಗಿನೊಳಗೆ ಬಚ್ಚಿಡುವಳು.

ಅವ್ವನ ಮಾತು ವಿಶಾಖಾಳ ತಲೆಯಲ್ಲಿ ಕೂತುಬಿಟ್ಟಿತು. ಕಚೇರಿಗೆ ಹೋದವಳೇ ಹಲಗೆಯೊಂದಕ್ಕೆ ಫ್ಯಾನು ಜೋಡಿಸಿ ಚಾಲು ಮಾಡಿದಳು. ಕರೆಂಟ್ ತೆಗೆದಳು. ಗಾಜು ಕಪ್ಪಗಾಯಿತು. ಅವ್ವನಂತೆ ಬೆರಳಿಟ್ಟಳು. ಕರೆಂಟ್ ಕೊಟ್ಟಳು. ಫ್ಯಾನು ತಿರುಗಿತು. ಮತ್ತೆ ಮಾಡಿದಳು, ಮತ್ತೆ ತಿರುಗಿತು. ಕರೆಂಟ್ ಇಲ್ಲದಾಗ ಆ ಗಾಜಿಗೆ ಜೀವವಿಲ್ಲ, ಮುಟ್ಟಿದ್ದು ಅದಕ್ಕೆ ತಿಳಿಯುವುದಿಲ್ಲ. ಹಳೆಯ ಬಟನ್ನಾಗಿದ್ದರೆ ಕರೆಂಟ್ ಇಲ್ಲದಾಗಲೂ ಮೇಲಕ್ಕೆ ಒತ್ತಿದರೆ ಮೇಲೇ ಇರುತ್ತಿತ್ತು. ಇದರ ಪ್ರೋಗ್ರಾಂ ಬರೆದವಳು, ಬೆಸೆದವಳು, ಎಲ್ಲ ಕೋನದಿಂದ ಪರೀಕ್ಷಿಸಿದವಳು ತಾನು. ಕರೆಂಟ್ ಹೋದ ಹೊತ್ತಿನಲ್ಲಿ ಒಬ್ಬರು ಬಂದ್ ಮಾಡಲು ಕೈ ಚಾಚುತ್ತಾರೆ ಎಂಬುದು ಮಾತ್ರ ಹೊಳೆದಿರಲಿಲ್ಲ. ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದಳು.

ಒಳಗೆ ಉದಯಕುಮಾರ, ಮತ್ತೆ ಬಂದಿದ್ದ ಜಂಬಣ್ಣನ ಮುಂದೆ ಅವಳದೇ ಕಥೆ ಹೇಳುತ್ತಿದ್ದ. "ದೇವದುರ್ಗದಾಗ ಕೂಸು, ರಾಯಚೂರಾಗ ತಾಯಿ. ನಮ್ಮ ಬಟನ್ ಇರದಿದ್ರ ಏನಾಗ್ತಿತ್ತು ಹೇಳ್ರಿ? ಇದನ್ನ ಮನಿ ತಗೊಳ್ಳೋ ಮಂದಿಗೆ ಹೇಳ್ರಿ ನೀವು, ಬ್ಯಾರೆ ಜಾಹೀರಾತೇ ಬ್ಯಾಡ."

ಜಂಬಣ್ಣ ಅವಳನ್ನು ಕಂಡು ಕೈಮುಗಿದರು. "ದೊಡ್ಡ ಗಂಡಾಂತರ ತಪ್ಪಿತು ತಂಗಿ. ಮುದುಕರ ಕೈಯಾಗ ಕೂಸು ಬಿಟ್ರ ಹಿಂಗ ನೋಡು."

ಹೂಂ ಎಂದರೆ ಮುಗಿಯುತ್ತಿತ್ತು. ಮನೆಗಳಿಗೆಲ್ಲ ಅವಳ ಗಾಜು ಹೋಗುತ್ತಿತ್ತು, ಅವಳನ್ನು ಜಾಣ ತಾಯಿ ಎನ್ನುತ್ತಿದ್ದರು. ವಿಶಾಖಾ ಮೇಜಿನ ಹತ್ತಿರ ಬಂದು ನಿಂತಳು.

"ನಮ್ಮವ್ವ ಮರತಿಲ್ರಿ" ಎಂದಳು. "ಬಂದ್ ಮಾಡಾಕ ಮುಟ್ಟ್ಯಾಳ. ಕರೆಂಟ್ ಇರಲಿಲ್ಲ, ಗಾಜು ತಿಳಕೊಳ್ಳಲಿಲ್ಲ. ಕರೆಂಟ್ ಬಂದ ಕೂಡಲೇ ತಾನ ತಿರುಗ್ತು. ನಾ ಆರಿಸಿದ್ದು ಖರೆ. ಆದ್ರ ತಿರುಗಿಸಿದ್ದೂ ನಾನೇರಿ, ಈ ಹಲಗಿ ನಾ ಮಾಡಿದ್ದು."

ಮೇಜಿನ ಮೇಲಿನ ಫ್ಯಾನಿನಲ್ಲಿ ಅದನ್ನೇ ಮಾಡಿ ತೋರಿಸಿದಳು. ಉದಯಕುಮಾರನ ಮುಖ ಕೆಂಪಾಯಿತು. "ಏನ್ರೀ ವಿಶಾಖಾ, ಮನಿಯೊಳಗ ಕೂತು ಮಾತಾಡೋದನ್ನ..." ಎಂದವನು ಜಂಬಣ್ಣನ ಕಡೆ ತಿರುಗಿ, "ನೆನಪು ತಗದುಬಿಡ್ತೀವಿ ಅಣ್ಣಾರೆ, ಫೋನಿನಾಗ ಒಂದು ಆಯ್ಕಿ ಕೊಟ್ರಾತು" ಎಂದ.

"ಫೋನು ಒಬ್ಬರ ಕಿಸೆದಾಗ ಇರತದ ಸರ್, ಜೋಳಿಗಿ ಕಟ್ಟೋ ಕೈ ಇನ್ನೊಬ್ಬರದು" ಎಂದಳು ವಿಶಾಖಾ. "ಫ್ಯಾನಿಗೆ ಒತ್ತೋ ಬಟನ್ನೇ ಬೇಕು. ಕರೆಂಟ್ ಇರ್ಲಿ ಬಿಡ್ಲಿ, ಮ್ಯಾಲ ಒತ್ತಿದ್ರ ಬಂದ್. ಆಮ್ಯಾಲ ಫೋನಿನಿಂದ್ಲೂ ಚಾಲು ಆಗಬಾರದು."

"ಅದು ಹಳೇ ಬೋರ್ಡಿನಂಗ ಕಾಣತದ. ಯಾರು ತಗೋತಾರ?"

ಜಂಬಣ್ಣ ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಮನಿಗೋಳು ತಯಾರಾಗಾಕ ಬಂದಾವು. ನಿಮ್ಮದು ತಯಾರಾದಾಗ ಹೇಳ್ರಿ. ಅಲ್ಲೀಮಟ ನಾ ಸಾದಾ ಬಟನ್ ಹಾಕಸ್ತೀನಿ" ಎಂದು ಹೊರಟುಹೋದರು. ಉದಯಕುಮಾರ ಆ ದಿನವೆಲ್ಲ ಅವಳೊಂದಿಗೆ ಮಾತಾಡಲಿಲ್ಲ. ಸಂಜೆ ಬಸ್ಸಿಗೆ ಹೊರಟವಳನ್ನು ತಡೆದು, "ಒತ್ತೋದು ಒಂದು ಮಾಡಿ ತೋರಿಸ್ರಿ ಮೊದಲು" ಎಂದಷ್ಟೇ ಹೇಳಿದ. ಅದು ಸಿಟ್ಟೋ ಸಮ್ಮತಿಯೋ ಅವಳಿಗೆ ತಿಳಿಯಲಿಲ್ಲ.

ಅವಳು ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಲತೀಫಾ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕಟ್ಟೆಯ ಮೇಲಿದ್ದಳು. ಕನಕಮ್ಮ ಒಳಗೆ, ಗೋಡೆಯ ಪಕ್ಕ. ವಿಶಾಖಾ ಮಗಳನ್ನು ಎತ್ತಿಕೊಂಡು ಹೋಗಿ ಅವ್ವನೆದುರು ಕೂತಳು.

"ಅವ್ವಾ, ನೀ ಮುಟ್ಟಿದ್ದಿ. ನಾ ಪರೀಕ್ಷಾ ಮಾಡಿ ನೋಡೀನಿ. ಕರೆಂಟ್ ಇಲ್ದಾಗ ಮುಟ್ಟಿದ್ರ ಅದಕ್ಕ ತಿಳಿಯಂಗಿಲ್ಲ. ತಪ್ಪು ನಂದು, ನಿಂದಲ್ಲ."

ಕನಕಮ್ಮ ತಲೆ ಎತ್ತಲಿಲ್ಲ. "ನನ್ನ ಸಮಾಧಾನಕ್ಕ ಹೇಳಾಕತ್ತಿ."

"ಇಲ್ಲವ್ವ. ಮಾಲಕರ ಮುಂದ, ಆ ಮನಿ ಕಟ್ಟೋರ ಮುಂದ, ಇಬ್ಬರ ಮುಂದೂ ಹೇಳಿ ಬಂದೀನಿ."

ಈಗ ಕನಕಮ್ಮ ಮಗಳ ಮುಖ ನೋಡಿದಳು. "ಮಂದಿ ಮುಂದ ಹೇಳಿದೇನು? ಅವರೇನಂದ್ರು?"

"ಸದ್ಯಕ್ಕ ನಮ್ಮ ಬಟನ್ ಬ್ಯಾಡ ಅಂದ್ರು."

"ಹುಚ್ಚವ್ವ" ಎಂದಳು ಕನಕಮ್ಮ. ಕಣ್ಣಿಂದ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಮುಟ್ಟಿದ್ನೇ ನಾನು" ಎಂದಳು ಮೆಲ್ಲಗೆ, ತನಗೆ ತಾನೇ. "ಮುಟ್ಟಿದ್ದೆ."

ಮೈತ್ರಿ ತಾಯಿಯ ತೊಡೆಯಿಂದ ಜಾರಿ ಅಜ್ಜಿಯ ಕಡೆ ಅಂಬೆಗಾಲಿಟ್ಟಳು. ಕನಕಮ್ಮ ಈ ಸಲ ಕಾಲು ಮಡಚಲಿಲ್ಲ. ಸೆರಗಿನೊಳಗಿಂದ ಕೈ ಹೊರಗೆ ಬಂತು. ಒಂದೇ ಕೈಯಲ್ಲಿ ಎತ್ತಲಾಗದೆ, "ಕೊಡು ಇತ್ತಾಗ, ಹಂಗ ನೋಡ್ಕೋಂತ ಕುಂತ್ರ?" ಎಂದು ಮಗಳನ್ನು ಗದರಿದಳು. ವಿಶಾಖಾ ಕೂಸನ್ನು ಎತ್ತಿ ಅವ್ವನ ತೊಡೆಯ ಮೇಲಿಟ್ಟಳು. ಕನಕಮ್ಮ ಅದರ ಬೆನ್ನು ಸವರಿದಳು, ತಲೆ ಮೂಸಿದಳು. "ಎಣ್ಣಿ ಹಚ್ಚಿಲ್ಲೇನು ಇದಕ್ಕ ಇಷ್ಟು ದಿನ? ನೆತ್ತಿ ಹೆಂಗ ಒಣಗೇದ ನೋಡು."

ವಿಶಾಖಾ ಎಣ್ಣೆಯ ಬಟ್ಟಲು ತರಲು ಎದ್ದಳು.