ಮುಳ್ಳು ತೊಂಬತ್ತಕ್ಕೆ ನಿಂತ ದಿನ

ಹೆಬ್ಬೆರಳಿನಿಂದ ಇಂಜಿನ್ನಿನ ಆರೋಗ್ಯ ತಿಳಿಯುತ್ತದೆಂಬ ಮಾತನ್ನು ನಾನು ಎಂದೂ ಒಪ್ಪಿದವನಲ್ಲ. ಶಿರಾದ ಹಳೆಯ ಮೆಕ್ಯಾನಿಕ್ ಸಾಹೇಬರು ಪ್ಲಗ್ ಬಿಚ್ಚಿದ ತೂತಿಗೆ ಬೆರಳೊತ್ತಿ, ಸೆಲ್ಫ್ ಹೊಡೆಸಿ, ಒಳಗಿನ ಗಾಳಿ ಬೆರಳನ್ನು ಎಷ್ಟು ಜೋರಾಗಿ ತಳ್ಳುತ್ತದೆಂದು ನೋಡಿ ತೀರ್ಪು ಕೊಡುತ್ತಿದ್ದರು. ನನ್ನ ತಂಗಿಯ ಗಂಡನ ಕಾರು ಏರು ಹತ್ತಲು ತಿಣುಕತೊಡಗಿದಾಗಲೂ ಹಾಗೆಯೇ ನೋಡಿ, “ದಮ್ ಐತೆ ಯಜಮಾನ್ರೇ, ಕಾರ್ಬೊರೇಟರ್ ಕ್ಲೀನ್ ಮಾಡಿದ್ರೆ ಸಾಕು” ಎಂದರು.

ಆ ಕಾರೇ ಅವನ ಅನ್ನ. ಮಧುಗಿರಿಯಿಂದ ಗೊರವನಹಳ್ಳಿಗೆ ಬಾಡಿಗೆ ಓಡಿಸುತ್ತಿದ್ದ. ಅದನ್ನು ಒಂದು ಬೆರಳಿನ ಮಾತಿಗೆ ಬಿಡಲು ಮನಸ್ಸಾಗದೆ, ಗಾಳಿಯ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ತರಿಸಿದೆ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು, ಮಿಕ್ಕದ್ದನ್ನೆಲ್ಲ ಹಳೆಯ ಪುಸ್ತಕಗಳಿಂದ ಕಲಿತವನು ನಾನು. ಡಬ್ಬಿಯಲ್ಲಿದ್ದ ಸೂಚನೆಯ ಚೀಟಿಯನ್ನು ಮಾರುವವರ ಮಾತೆಂದು ಓದದೆ ಮಡಿಸಿಟ್ಟೆ.

ಅವನ ಮನೆಯ ಮುಂದೆ ನಾಲ್ಕೂ ಪ್ಲಗ್ ಬಿಚ್ಚಿದೆವು. ನಾನು ಗೇಜ್ ಕೂರಿಸಿದೆ. ಅವನು ಸೀಟಿನಲ್ಲಿ ಕುಳಿತು ಕೀ ಹಿಡಿದ.

“ಎಕ್ಸಲೇಟ್ರು ಒತ್ಲಾ ಬಾವ?”

“ನಿಂತಿರೋ ಗಾಡೀನ ಎಲ್ಲಿಗ್ಲಾ ಓಡುಸ್ತೀಯ? ಕಾಲ್ ತೆಗಿ.”

ಮುಳ್ಳು ತೊಂಬತ್ತಕ್ಕೆ ನಿಂತಿತು. ನಾಲ್ಕು ಸಿಲಿಂಡರಿನಲ್ಲೂ ಅದೇ. ಗಟ್ಟಿ ಇಂಜಿನ್ನಾದರೆ ನೂರೈವತ್ತರ ಹತ್ತಿರ ತೋರಬೇಕೆಂದು ಪುಸ್ತಕದಲ್ಲಿ ಓದಿದ್ದೆ. ನಾಲ್ಕೂ ಒಂದೇ ಸಮನೆ ಸವೆದಿರುವುದು ವಿಚಿತ್ರವೆಂದು, ಊರಿನ ಎಲ್ಲರ ಮಾತನ್ನೂ ಅನುಮಾನಿಸುವ ನನಗೆ ತೋಚಬೇಕಿತ್ತು. ಇಂಜಿನ್ ಮುಗಿಯಿತೆಂದೆ. ನನ್ನ ಮಾತು ನಂಬಿ ಅವನು ಕಾರನ್ನು ಗುಜರಿಗೆ ಕೊಟ್ಟ. ಅಂದಿನಿಂದ ಬೇರೆಯವರ ಶಾಲಾ ವ್ಯಾನ್ ಓಡಿಸುತ್ತಿದ್ದಾನೆ.

ಕಳೆದ ತಿಂಗಳು ಪಕ್ಕದ ಮನೆಯವರ ಹಳೆಯ ಕಾರಿಗೆಂದು ಗೇಜ್ ಎರವಲು ಕೊಟ್ಟೆ. ಅಲ್ಲಿಗೆ ಬಂದ ಮೆಕ್ಯಾನಿಕ್ ಎಕ್ಸಲರೇಟರ್ ಪೆಡಲನ್ನು ಪೂರ್ತಿ ತುಳಿದು ಸೆಲ್ಫ್ ಹೊಡೆದ. ಮುಳ್ಳು ನೂರೈವತ್ತು ದಾಟಿತು. ಕಾಲು ತೆಗೆದು ಇನ್ನೊಮ್ಮೆ ಹೊಡೆಯಲು ಕೇಳಿಕೊಂಡೆ. ತೊಂಬತ್ತು. ಪೆಡಲ್ ತುಳಿಯದಿದ್ದರೆ ಬೇಕಾದಷ್ಟು ಗಾಳಿಯೇ ಒಳಗೆ ಹೋಗುವುದಿಲ್ಲ, ಇನ್ನು ಇಂಜಿನ್ ಅದುಮುವುದೇನನ್ನು ಎಂದು ಅವನು ನಕ್ಕ. ಮನೆಗೆ ಬಂದು ಚೀಟಿ ಬಿಡಿಸಿದೆ. ಎರಡನೆಯ ಸಾಲಿನಲ್ಲೇ ಅದಿತ್ತು.

ಅಂದೇ ತಂಗಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವನು ವ್ಯಾನಿನ ಗಾಜು ಒರೆಸುತ್ತಿದ್ದ; ಕೈ ನಿಲ್ಲಿಸಲಿಲ್ಲ.

“ಸಾಹೇಬ್ರು ಯೋಳಿದ್ದೇ ದಿಟ ಅನ್ನಿ.”

ಹೌದೆಂದೆ.

ಅವನು ಬಟ್ಟೆಯನ್ನು ಬಕೆಟ್ಟಿಗೆ ಹಿಂಡಿದ. “ಅವತ್ತು ನನ್ ಕಾಲು ಪೆಡ್ಲು ಮೇಲೇ ಇತ್ತು ಬಾವ. ನೀವಂದ್ರಿ ಅಂತ ತೆಗ್ದೆ.”